ದರದ ಫೈಲ್ ಓದುವಾಗಲೇ ಅಪ್‌ಡೇಟ್ ಆದರೆ ಪುಟ ಖಾಲಿ ಬರುತ್ತಿದೆ

ಮಲೆನಾಡು_ಕೋಡ್ (ಚಿಕ್ಕಮಗಳೂರು):
ಕಾಫಿ, ಕಾಳುಮೆಣಸಿನ ದರ ತೋರಿಸುವ ಪುಟ, ಲಿನಕ್ಸ್ ಸರ್ವರ್. ಕ್ರಾನ್‌ನಲ್ಲಿರುವ (ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ವ್ಯವಸ್ಥೆ) ಪೈಥಾನ್ ಸ್ಕ್ರಿಪ್ಟ್ 5 ನಿಮಿಷಕ್ಕೊಮ್ಮೆ ದರದ ಜೇಸನ್ ಫೈಲನ್ನು (ಮಾಹಿತಿ ಇಡುವ ಪಠ್ಯ ಫೈಲ್) ಹೊಸದಾಗಿ ಬರೆಯುತ್ತೆ, ಪುಟ ತಯಾರಿಸುವ ಪಿಎಚ್‌ಪಿ ಅದನ್ನು ಓದುತ್ತೆ. ಆಗೀಗ ಪುಟ ಖಾಲಿ, ಇಲ್ಲವೇ ಜೇಸನ್ ಅರ್ಧಕ್ಕೇ ತುಂಡು. ರಿಫ್ರೆಶ್ ಮಾಡಿದರೆ ಸರಿ. ಬರೆಯುವ ಕಡೆ ಎಫ್‌ಲಾಕ್ (ಫೈಲಿಗೆ ಹಾಕುವ ಲಾಕ್) ಹಾಕಿದರೂ ತೊಂದರೆ ಹೋಗಿಲ್ಲ.

ಹೇಮಾವತಿ_ಸರ್ವರ್ (ಹಾಸನ):
ಎಫ್‌ಲಾಕ್ ಯಾರನ್ನೂ ಬಲವಂತವಾಗಿ ತಡೆಯಲ್ಲ. ಪಿಎಚ್‌ಪಿ ಕೂಡ ಲಾಕ್ ಕೇಳಿದರೆ ಮಾತ್ರ ಕಾಯುತ್ತೆ. ಕೇಳದಿದ್ದರೆ ಸೀದಾ ಓದಿಬಿಡುತ್ತೆ. ಜೊತೆಗೆ 'ಡಬ್ಲ್ಯೂ' (ಬರೆಯುವ) ಮೋಡ್‌ನಲ್ಲಿ ಓಪನ್ ಮಾಡಿದ ಕ್ಷಣವೇ ಫೈಲ್ 0 ಬೈಟ್ ಆಗುತ್ತೆ, ಲಾಕ್ ಸಿಗೋದು ಅದರ ನಂತರ. ಖಾಲಿ ಪುಟ ಬರುವುದು ಆ ಸಂದಿಯಲ್ಲೇ.

ಬರೆಯುವವರು ಒಬ್ಬರೇ ಆದರೆ ಲಾಕೇ ಬೇಡ. ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆಯಿರಿ, ಫ್ಲಶ್ ಮಾಡಿ (ಸ್ಕ್ರಿಪ್ಟ್ ಬಳಿ ಉಳಿದದ್ದನ್ನು ಓಎಸ್‌ಗೆ ದಾಟಿಸಿ), ಎಫ್‌ಸಿಂಕ್ ಮಾಡಿ (ಡಿಸ್ಕ್‌ಗೆ ಇಳಿಸಿ), ಮುಚ್ಚಿ, ಆಮೇಲೆ ಪೈಥಾನಿನ ಓಎಸ್ ಮಾಡ್ಯೂಲಿನ ರಿಪ್ಲೇಸ್‌ನಿಂದ ಹಳೆಯದರ ಮೇಲೆ ಕೂರಿಸಿ. ಹೆಸರು ಒಂದೇ ಏಟಿಗೆ ಬದಲಾಗುತ್ತೆ. ಆಗಲೇ ತೆರೆದುಕೊಂಡವರಿಗೆ ಹಳೆಯ ಫೈಲ್ ಕೊನೆವರೆಗೂ ಸಿಗುತ್ತೆ, ಆಮೇಲೆ ಬಂದವರಿಗೆ ಹೊಸದು. ಮಳೆಗಾಲದಲ್ಲಿ ಕರೆಂಟ್ ಕೈಕೊಡೋ ಕಡೆ ಎಫ್‌ಸಿಂಕ್ ಬಿಡಬೇಡಿ. ಬಿಟ್ಟರೆ ಹೆಸರು ಹೊಸದು, ಒಳಗೆ ಏನೂ ಇಲ್ಲ ಅನ್ನುವ ಸ್ಥಿತಿ ಬರಬಹುದು.

ಮಲೆನಾಡು_ಕೋಡ್:
ತಾತ್ಕಾಲಿಕ ಫೈಲನ್ನು ಸಿಸ್ಟಮ್ಮಿನ ಟಿಎಂಪಿ ಫೋಲ್ಡರ್‌ನಲ್ಲಿಟ್ಟೆ. 'ಕ್ರಾಸ್-ಡಿವೈಸ್ ಲಿಂಕ್' ಎರರ್ ಕೊಡ್ತಿದೆ.

ಹೇಮಾವತಿ_ಸರ್ವರ್:
ಅದಕ್ಕೇ ಅದೇ ಫೋಲ್ಡರ್ ಅಂದಿದ್ದು ಮಾರಾಯ್ರೆ. ಟಿಎಂಪಿ ಬೇರೆ ಫೈಲ್‌ಸಿಸ್ಟಮ್ ಆಗಿದ್ದರೆ ರಿನೇಮ್ ಆಗಲ್ಲ. ಎಂವಿ (ಫೈಲ್ ಸ್ಥಳಾಂತರದ) ಕಮಾಂಡ್ ಕೊಟ್ಟರೆ ಎರರ್ ಬರಲ್ಲ, ಸದ್ದಿಲ್ಲದೆ ಕಾಪಿ ಮಾಡುತ್ತೆ. ಅಲ್ಲಿಗೆ ಹಳೇ ತೊಂದರೆಯೇ ವಾಪಸ್. ಇನ್ನೊಂದು, ಎಂಕೆಎಸ್‌ಟೆಂಪ್ (ತಾತ್ಕಾಲಿಕ ಫೈಲ್ ಮಾಡಿಕೊಡುವ ಫಂಕ್ಷನ್) ಬಳಸಿದರೆ ಪರ್ಮಿಷನ್ 600 (ಮಾಲೀಕರಿಗೆ ಮಾತ್ರ) ಇರುತ್ತೆ, ವೆಬ್‌ಸರ್ವರ್‌ಗೆ ಓದಲಾಗದು. ರಿಪ್ಲೇಸ್‌ಗೆ ಮೊದಲೇ 644 (ಎಲ್ಲರೂ ಓದಬಹುದು) ಮಾಡಿ.

ಬಾಬಾಬುಡನ್_ಬೈಟ್ಸ್:
ಮುಂದೆ ಹಾಸನದ ದರಕ್ಕೆ ಇನ್ನೊಂದು ಸ್ಕ್ರಿಪ್ಟ್ ಸೇರಿಸಿದರೆ ಇಷ್ಟು ಸಾಲದು. ಇಬ್ಬರೂ ಹಳೆಯದನ್ನು ಓದಿ, ತಮ್ಮ ಸಾಲು ತಿದ್ದಿ ಬರೆದರೆ, ಮೊದಲು ಬರೆದವರ ತಿದ್ದುಪಡಿ ಮಾಯ. ಲಾಕ್ ಬೇಕಾಗೋದು ಇಲ್ಲಿ, ಅದೂ ಬೇರೆಯದೇ ಲಾಕ್ ಫೈಲಿನ ಮೇಲೆ: ಓದುವ ಮೊದಲು ಹಿಡಿದು ರಿಪ್ಲೇಸ್ ಮುಗಿದ ಮೇಲೆ ಬಿಡಿ. ದರದ ಫೈಲಿನ ಮೇಲೇ ಹಾಕಿದರೆ ಪ್ರಯೋಜನವಿಲ್ಲ, ರಿಪ್ಲೇಸ್ ಆದಾಗ ಐನೋಡೇ (ಹೆಸರಿನ ಹಿಂದಿನ ನಿಜವಾದ ಫೈಲ್) ಬದಲಾಗಿ ಇಬ್ಬರೂ ಬೇರೆ ಬೇರೆ ಫೈಲಿನ ಲಾಕ್ ಹಿಡಿದು ಕೂರುತ್ತಾರೆ.

ನನ್ನ ಕೇಳಿದರೆ ಆ ಹಂತಕ್ಕೆ ಎಸ್‌ಕ್ಯೂಲೈಟ್ (ಒಂದೇ ಫೈಲಿನ ಪುಟ್ಟ ಡೇಟಾಬೇಸ್) ವಾಸಿ. ಜರ್ನಲ್ ಮೋಡ್ 'ವಾಲ್' (ಬದಲಾವಣೆಯನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ ರೀತಿ), 'ಬಿಸಿ ಟೈಮ್‌ಔಟ್' (ಲಾಕ್‌ಗಾಗಿ ಕಾಯುವ ಅವಧಿ) 5000 ಮಿಲಿಸೆಕೆಂಡ್. ಓದುವವರು ಎಷ್ಟಾದರೂ ಇರಲಿ, ಬರೆಯುವವರು ಒಂದು ಹೊತ್ತಿಗೆ ಒಬ್ಬರೇ. ಎನ್‌ಎಫ್‌ಎಸ್ ಶೇರ್ (ನೆಟ್‌ವರ್ಕ್ ಮೂಲಕ ಹಂಚಿಕೊಂಡ ಫೋಲ್ಡರ್) ಮೇಲೆ ಮಾತ್ರ ಇಡಬೇಡಿ.

ಮಲೆನಾಡು_ಕೋಡ್:
ರಿಪ್ಲೇಸ್ ಆಯ್ತು, ಖಾಲಿ ಪುಟ ನಿಂತಿತು. ಆದರೆ ಡಾಕರ್ ಕಂಟೈನರ್ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಆವರಣ) ಒಳಗಿನ ಪಿಎಚ್‌ಪಿ ಹಳೇ ದರವನ್ನೇ ತೋರಿಸ್ತಿದೆ.

ಹೇಮಾವತಿ_ಸರ್ವರ್:
ಫೈಲೊಂದನ್ನೇ ಬೈಂಡ್ ಮೌಂಟ್ ಮಾಡಿರ್ತೀರಿ (ಹೊರಗಿನ ಫೈಲನ್ನು ಕಂಟೈನರ್ ಒಳಗೆ ಕಾಣಿಸೋದು), ಅದು ಹಳೇ ಐನೋಡ್‌ಗೇ ಅಂಟಿಕೊಂಡಿದೆ. ಇಡೀ ಫೋಲ್ಡರ್ ಮೌಂಟ್ ಮಾಡಿ, ಕಂಟೈನರ್ ಹೊಸದಾಗಿ ಎಬ್ಬಿಸಿ.