ಬೇಕರಿ ಮುಂದೆ ಸೇದಿ ಸಾವಿರ ರೂಪಾಯಿ ದಂಡ ಕಟ್ಟಿದೆ. ನೀವೆಲ್ಲ ಎಲ್ಲಿ ನಿಂತು ಸೇದುತ್ತೀರಿ?

ಕೇಳಿದವರು: ಧಾರವಾಡ, ಸದ್ಯ ಬೆಂಗಳೂರು

ಊರು ಬಿಟ್ಟು ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ವಯಸ್ಸು 34. ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಆಗುತ್ತದೆ. ಹೋದ ವಾರ ಬೇಕರಿ ಮುಂದೆ ಫುಟ್‌ಪಾತ್ ಮೇಲೆ ನಿಂತು ಟೀ ಜೊತೆ ಒಂದು ಹಚ್ಚಿದ್ದೆ. ಅರ್ಧ ಸೇದಿರಲಿಲ್ಲ, ಇಬ್ಬರು ಬಂದು ರಸೀದಿ ಪುಸ್ತಕ ತೆಗೆದರು. ಸಾವಿರ ರೂಪಾಯಿ! ರಸ್ತೆ ಬಯಲು ಜಾಗ ಅಲ್ವಾ ಅಂತ ವಾದ ಮಾಡಿದೆ. ಕೇಳಲಿಲ್ಲ. ತಮಾಷೆ ಏನಂದರೆ, ಸಿಗರೇಟು ಮಾರಿದ್ದೂ ಅದೇ ಬೇಕರಿ.

ಸೇದದವರ ಮೂಗಿಗೆ ಹೊಗೆ ಬಿಡುವುದು ಸರಿ ಅಂತ ನಾನೂ ಹೇಳುವುದಿಲ್ಲ. ಆದರೆ ಇಲ್ಲಿ ಬೇಡ, ಅಲ್ಲಿ ಬೇಡ ಅನ್ನುವವರೇ ಎಲ್ಲ. ಎಲ್ಲಿ ನಿಲ್ಲಬೇಕು ಅಂತ ಹೇಳುವವರು ಒಬ್ಬರೂ ಇಲ್ಲ. ಆಫೀಸು, ಪ್ರಯಾಣ, ಬಾಡಿಗೆ ಮನೆ, ಇದನ್ನೆಲ್ಲ ನೀವು ಹೇಗೆ ನಿಭಾಯಿಸುತ್ತೀರಿ? "ಬಿಟ್ಟುಬಿಡು" ಅನ್ನುವ ಸಲಹೆ ಬೇಡ. ಅದನ್ನು ನಮ್ಮವ್ವ ದಿನಾ ಫೋನಿನಲ್ಲಿ ಕೊಡುತ್ತಾಳೆ.

ಶಿವಮೊಗ್ಗ

ಬಿಟ್ಟುಬಿಡಿ.

(ಕ್ಷಮಿಸಿ, ತಡೆಯೋಕಾಗಲಿಲ್ಲ.)

ಮೈಸೂರು, ವಕೀಲರ ಆಫೀಸಿನಲ್ಲಿ ಕೆಲಸ

ನಾನೂ ಒಮ್ಮೆ ಇದೇ ವಾದ ಮಾಡಿ ಸೋತವನು. ಸೋತ ಮೇಲೆ ಕೂತು ಓದಿದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಅಂದರೆ ಕೋಟ್ಪಾ, ಸಾರ್ವಜನಿಕ ಸ್ಥಳ ಅಂದರೆ ಏನು ಅಂತ ಉದ್ದಕ್ಕೆ ಹೇಳಿ, ಕೊನೆಗೆ ಬಯಲು ಜಾಗ ಇದರಲ್ಲಿ ಸೇರುವುದಿಲ್ಲ ಅನ್ನುತ್ತದೆ. ನಾವೆಲ್ಲ ಹಿಡಿದು ಜೋತಾಡುವುದು ಆ ಒಂದು ಕೊಂಬೆಗೆ. 2008ರಲ್ಲಿ ನಿಯಮಗಳು ಬಂದವು. ಅಕ್ಟೋಬರ್ 2ರಿಂದ ಜಾರಿ, ಗಾಂಧಿ ಜಯಂತಿ ದಿನವೇ. ಅವು ಆ ಕೊಂಬೆಯನ್ನು ಚೆನ್ನಾಗಿ ಸವರಿಬಿಟ್ಟವು. ಬಸ್ ಸ್ಟಾಪು, ರೈಲು ನಿಲ್ದಾಣ, ಸ್ಟೇಡಿಯಂ, ಇವಕ್ಕೆ ಮೇಲೆ ಸೂರಿಲ್ಲದಿದ್ದರೂ ಬಯಲು ಜಾಗ ಅಂತ ಲೆಕ್ಕವಿಲ್ಲ. ಇನ್ನು, ದುಡ್ಡು ಕೊಟ್ಟು ಅಲ್ಲೇ ತಿನ್ನುವ ಕುಡಿಯುವ ಜಾಗ ಯಾವುದೇ ಇರಲಿ, ಅದರ ಸುತ್ತಲಿನ ಖಾಲಿ ಜಾಗವೂ ಅದಕ್ಕೇ ಸೇರಿದ್ದು. ನಿಮ್ಮ ಕೈಯಲ್ಲಿ ಟೀ ಲೋಟ ಇತ್ತಲ್ಲ, ಅಲ್ಲಿಗೆ ಮುಗಿಯಿತು ಕಥೆ.

ದಂಡ ಮೊದಲು ಇನ್ನೂರರವರೆಗೆ ಇತ್ತು. ಕರ್ನಾಟಕದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಬಂದ ಮೇಲೆ ಸಾವಿರ ಆಯಿತು. ಕೊಳ್ಳುವ ವಯಸ್ಸೂ 18ರಿಂದ 21ಕ್ಕೆ ಏರಿತು. ಬಿಡಿ ಸಿಗರೇಟು ಮಾರುವಂತಿಲ್ಲ ಅನ್ನುವ ಆದೇಶ ನಮ್ಮ ರಾಜ್ಯದಲ್ಲಿ 2017ರಿಂದಲೇ ಇದೆ. ಅದು ಎಷ್ಟು ನಡೆಯುತ್ತಿದೆ ಅಂತ ನಾನು ಹೇಳಬೇಕಿಲ್ಲ.

ಇನ್ನೊಂದು ಮಾತು. ದಂಡ ಹಾಕುವುದು ಪೊಲೀಸರು ಮಾತ್ರ ಅಂದುಕೊಳ್ಳಬೇಡಿ. ಶಾಲೆಯಲ್ಲಿ ಹೆಡ್‌ಮಾಸ್ತರು, ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ತರು, ರೈಲು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರು, ಎಲ್ಲರಿಗೂ ಅಧಿಕಾರ ಇದೆ. ರಸೀದಿ ಮಾತ್ರ ಬಿಡದೆ ಕೇಳಿ ಇಸಿದುಕೊಳ್ಳಿ.

ಬೆಂಗಳೂರು, 28 ವರ್ಷದಿಂದ ಸೇದುತ್ತಿರುವವನು

ಧಾರವಾಡದ ತಮ್ಮಾ, ನಿನ್ನ ಸಿಟ್ಟು ನನಗೆ ಗೊತ್ತು. 2008ರಲ್ಲಿ ನಾನೂ ಹೀಗೇ ಕುದಿಯುತ್ತಿದ್ದೆ.

ನಾನು ಕೆಲಸಕ್ಕೆ ಸೇರಿದಾಗ ಟೇಬಲ್ ಮೇಲೇ ಆಶ್‌ಟ್ರೇ ಇರುತ್ತಿತ್ತು. ಆಮೇಲೆ ಮೆಟ್ಟಿಲ ತಿರುವಿಗೆ ಕಳಿಸಿದರು. ನಿಯಮ ಬಂದ ಮೇಲೆ ಒಂದು ಬೆಳಿಗ್ಗೆ ಹೌಸ್‌ಕೀಪಿಂಗ್ ಹುಡುಗ ರಟ್ಟಿನ ಡಬ್ಬ ಹಿಡಿದು ಬಂದು, ತಿರುವಿನಲ್ಲಿದ್ದ ಆಶ್‌ಟ್ರೇಗಳನ್ನೆಲ್ಲ ತುಂಬಿಕೊಂಡು ಹೋದ. ನಾನು ಒಂದನ್ನು ಎತ್ತಿಟ್ಟುಕೊಂಡೆ. ಈಗಲೂ ಇದೆ, ಗುಂಡುಸೂಜಿ ಹಾಕಿದ್ದೇನೆ.

ಆಫೀಸು ಏಳನೇ ಮಹಡಿ. ಲಿಫ್ಟಿಗೆ ಕಾಯಬೇಕು, ಕೆಳಗಿಳಿಯಬೇಕು, ಗೇಟು ದಾಟಬೇಕು, ಜನರೇಟರ್ ಹಿಂದಿನ ಸಂದಿಗೆ ಹೋಗಬೇಕು, ವಾಪಸ್ ಬರಬೇಕು. ಒಂದು ಸಿಗರೇಟಿಗೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಮ್ಯಾನೇಜರು ಎರಡು ಸಲ ಸೀಟಿನ ಕಡೆ ನೋಡಿರುತ್ತಿದ್ದರು. ವರ್ಷ ತಿರುಗುವಷ್ಟರಲ್ಲಿ ಹದಿನೆಂಟು ಇದ್ದದ್ದು ಏಳಕ್ಕೆ ಇಳಿಯಿತು. ಕಡಿಮೆ ಮಾಡಬೇಕು ಅಂತ ನಾನು ಒಂದು ದಿನವೂ ಅಂದುಕೊಂಡವನಲ್ಲ. ಲಿಫ್ಟು ಮಾಡಿಸಿತು, ನಾನಲ್ಲ. ಜನರೇಟರ್ ಹಿಂದೆ ಒಂದು ಲಾಭವೂ ಆಯಿತು. ಅಲ್ಲಿ ಸೆಕ್ಯುರಿಟಿಯವನು, ಕ್ಯಾಬ್ ಡ್ರೈವರ್, ನಮ್ಮ ದೊಡ್ಡ ಸಾಹೇಬರು, ಎಲ್ಲರೂ ಒಂದೇ ಲೈಟರಿಗೆ ಬಾಗುತ್ತಿದ್ದರು. ಬೋನಸ್ ಬರುತ್ತೋ ಇಲ್ಲವೋ ಅನ್ನುವುದು ಎಚ್ಆರ್‌ಗಿಂತ ಮೊದಲು ಅಲ್ಲಿ ಗೊತ್ತಾಗುತ್ತಿತ್ತು.

ಹಾಗಾಗಿ ನಾಲ್ಕು ಗೋಡೆ ಒಳಗಿನ ನಿಷೇಧದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಬೇರೆ ಕಡೆ. ಮೂವತ್ತು ರೂಮಿನ ಲಾಡ್ಜು, ಮೂವತ್ತು ಸೀಟಿನ ಹೋಟೆಲು, ಏರ್‌ಪೋರ್ಟು, ಇಲ್ಲೆಲ್ಲ ಸೇದಲು ಬೇರೆ ಕೋಣೆ ಮಾಡಬಹುದು ಅಂತ ನಿಯಮದಲ್ಲೇ ಇದೆ. ನಾಲ್ಕೂ ಕಡೆ ಪೂರ್ತಿ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಹೊಗೆ ಹೊರಕ್ಕೆ ತಳ್ಳುವ ಫ್ಯಾನು ಇರಬೇಕು. 2017ರಿಂದ ಅದರೊಳಗೆ ಕಾಫಿ ತಿಂಡಿ ಕೊಡುವಂತೆಯೂ ಇಲ್ಲ. "ಮಾಡಬಹುದು" ಅಂದರೆ ಮಾಡಲೇಬೇಕು ಅಂತಲ್ಲವಲ್ಲ. ಇಷ್ಟು ಖರ್ಚು ಮಾಡಿ ಒಂದು ಇಡ್ಲಿಯೂ ಮಾರಲಾಗದ ಕೋಣೆಯನ್ನು ಯಾರು ಕಟ್ಟುತ್ತಾರೆ? ಹೆಚ್ಚಿನವರು ಕಟ್ಟಲಿಲ್ಲ. ನಾವು ಬೀದಿಗೆ ಬಂದೆವು. ಒಳಗೆ ಕೂತವರ ಹೊಗೆ ತಪ್ಪಿತು, ಫುಟ್‌ಪಾತ್ ಮೇಲೆ ಮಗು ಎತ್ತಿಕೊಂಡು ಹೋಗುವವಳ ಮುಖಕ್ಕೆ ಬಂತು.

ಏರ್‌ಪೋರ್ಟಿನ ಗಾಜಿನ ಕೋಣೆಯನ್ನೂ ನೋಡಿದ್ದೇನೆ. ಸೆಕ್ಯುರಿಟಿಯಲ್ಲಿ ಲೈಟರ್ ಕಿತ್ತುಕೊಂಡಿರುತ್ತಾರೆ. ಒಳಗೆ ಹೋದವನು ಅಪರಿಚಿತನ ಉರಿಯುವ ಸಿಗರೇಟಿನ ತುದಿಗೆ ತನ್ನದನ್ನು ತಾಗಿಸಿ ಎಳೆಯಬೇಕು. ಅಲ್ಲಿನ ವಾಸನೆ ನನಗೇ ತಡೆಯಲಿಲ್ಲ. ಅರ್ಧ ಸೇದಿ ಹೊರಗೆ ಬಂದೆ. ಶರ್ಟು ವಿಮಾನ ಇಳಿಯುವವರೆಗೂ ನಾರುತ್ತಿತ್ತು. ಪಕ್ಕದ ಸೀಟಿನವರು ಪಾಪ, ಕಿಟಕಿ ತೆಗೆಯುವ ಹಾಗೂ ಇಲ್ಲ.

ಈಗ ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ಐದಾರು ವರ್ಷದ ಹಿಂದೆ ಜೋರು ಮಳೆ. ಬಸ್ ಶೆಲ್ಟರಿನ ಒಂದು ಮೂಲೆಯಲ್ಲಿ ನಿಂತು ಹಚ್ಚಿದೆ. ನನ್ನ ಬಿಟ್ಟರೆ ಅಲ್ಲಿದ್ದದ್ದು ಯೂನಿಫಾರಂ ಹಾಕಿದ ಒಂದು ಹುಡುಗಿ ಮಾತ್ರ. ಏಳನೆಯದೋ ಎಂಟನೆಯದೋ ಇರಬೇಕು. ನನ್ನ ಕಡೆ ನೋಡಲೂ ಇಲ್ಲ, ಕೆಮ್ಮಲೂ ಇಲ್ಲ. ಬ್ಯಾಗು ತಲೆ ಮೇಲೆ ಇಟ್ಟುಕೊಂಡು ಸುಮ್ನೆ ಹೊರಗೆ ಹೋಗಿ ಮಳೆಯಲ್ಲಿ ನಿಂತಳು. ನಾನು ಸಿಗರೇಟು ಎಸೆದು "ಒಳಗೆ ಬಾರಮ್ಮಾ" ಅಂದೆ. ಬರಲಿಲ್ಲ. ಬಸ್ಸು ಬರುವವರೆಗೂ ನೆನೆಯುತ್ತಲೇ ಇದ್ದಳು. ಸಾವಿರ ರೂಪಾಯಿಯನ್ನು ಸಂಬಳ ಬಂದಾಗ ಮರೆತುಬಿಡುತ್ತೀಯ ತಮ್ಮಾ. ಇದು ನನಗೆ ಮರೆತಿಲ್ಲ.

ಅವತ್ತಿಂದ ಬಸ್ ಸ್ಟಾಪು, ಬೇಕರಿ, ಆಸ್ಪತ್ರೆ ಗೇಟು, ಇವುಗಳ ಹತ್ತಿರ ಹಚ್ಚುವುದಿಲ್ಲ. ಹಚ್ಚುವ ಮೊದಲು ಗಾಳಿ ಯಾವ ಕಡೆ ಬೀಸುತ್ತಿದೆ ನೋಡುತ್ತೇನೆ. ಜೇಬಿನಲ್ಲಿ ಪೆಪ್ಪರ್‌ಮಿಂಟಿನ ಖಾಲಿ ತಗಡಿನ ಡಬ್ಬಿ ಇರುತ್ತದೆ, ಮೋಟು ಅದಕ್ಕೆ. ನಿಂತರೆ ಜನ ಓಡಾಡದ ಗೋಡೆ ಪಕ್ಕ. ನಮ್ಮ ಅಪ್ಪನ ಕಾಲದಲ್ಲೂ ಒಂದು ನಿಷೇಧ ಇತ್ತು ನೋಡು. ಹಿರಿಯರು ಎದುರು ಬಂದರೆ ಬೀಡಿ ಅಂಗೈಯೊಳಗೆ ಮಡಚಿಕೊಳ್ಳುತ್ತಿತ್ತು, ಕೈ ಸುಟ್ಟರೂ ಸರಿ. ಆಗ ಯಾರೂ ಅದು ನನ್ನ ಹಕ್ಕು ಅಂತ ವಾದ ಮಾಡಿದ್ದು ನಾನು ಕಾಣೆ.

ಬೆಂಗಳೂರು, ಹೆಣ್ಣುಮಗಳು

ಅಣ್ಣ ಹೇಳಿದ ಜನರೇಟರ್ ಸಂದಿ ಗಂಡಸರಿಗೆ ಚೆನ್ನ. ನಾನೂ ಸೇದುತ್ತೇನೆ. ನಾನು ಅಲ್ಲಿ ಹೋಗಿ ನಿಂತರೆ ಮಾತು ನಿಲ್ಲುತ್ತದೆ. ರಸ್ತೆಯಲ್ಲಂತೂ ಒಬ್ಬ ಬೈಕ್ ನಿಲ್ಲಿಸಿ ಮೊಬೈಲ್ ಎತ್ತಿ ವಿಡಿಯೋ ಮಾಡಿದ. ಅವನ ಬಾಯಲ್ಲೂ ಸಿಗರೇಟು ಇತ್ತು. ನಿಮಗೆ ಸಾವಿರ ರೂಪಾಯಿ ದಂಡ, ರಸೀದಿ ಬೇರೆ ಕೊಡುತ್ತಾರೆ. ನಮಗೆ ಕಾನೂನು ಬರುವುದಕ್ಕೂ ಮೊದಲಿಂದ ಎಲ್ಲ ಜಾಗವೂ ನಿಷೇಧವೇ. ಬಾಡಿಗೆ ಮನೆಯ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ, ರಾತ್ರಿ ಹತ್ತಾದ ಮೇಲೆ. ಇದೇ ನನ್ನ ಅನುಭವ. ಸಲಹೆ ಏನೂ ಇಲ್ಲ.

ಮಂಗಳೂರು

ನಾನು ಸೇದುವುದಿಲ್ಲ, ಯಜಮಾನರು ಸೇದುತ್ತಾರೆ. ಹೊರಗೆಲ್ಲ ನಿಷೇಧ ಆದ ಮೇಲೆ ಅವರ ಸಿಗರೇಟು ನಮ್ಮ ಬಾಲ್ಕನಿಗೆ ಬಂತು. ಒಗೆದು ಹಾಕಿದ ಮಕ್ಕಳ ಬಟ್ಟೆಗೆಲ್ಲ ಅದೇ ವಾಸನೆ. ಕಾನೂನು ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ ಮಾರಾಯ್ರೆ. ಒಳಗೆ ನಾನೇ ಇನ್‌ಸ್ಪೆಕ್ಟರು. ಈಗ ಅವರು ಗೇಟಿನ ಹೊರಗೆ ತೆಂಗಿನ ಮರದ ಬುಡಕ್ಕೆ ಹೋಗುತ್ತಾರೆ, ಕೊಡೆ ಹಿಡಿದುಕೊಂಡು.

ದಾವಣಗೆರೆ, ಬೀಡಾ ಅಂಗಡಿ

ಅಂಗಡಿಯವರ ಮೇಲೆ ಸಿಟ್ಟು ಬೇಡ ಸಾರ್. ಮೊದಲು ನಮ್ಮ ಅಂಗಡಿಯ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಇಡೀ ದಿನ ಹೊಗೆಯಾಡುತ್ತಾ ನೇತಾಡುತ್ತಿತ್ತು. ಆಮೇಲೆ ದಾರ ಕಟ್ಟಿದ ಲೈಟರ್ ಬಂತು. ಗಿರಾಕಿಗೆ ಲೈಟರ್, ಕಡ್ಡಿಪೆಟ್ಟಿಗೆ, ಆಶ್‌ಟ್ರೇ ಏನೂ ಇಡಬಾರದು ಅಂದರು, ದಾರ ಕತ್ತರಿಸಿದೆ. 60 ಸೆಂಟಿಮೀಟರ್ ಉದ್ದ 30 ಅಗಲದ "ಇಲ್ಲಿ ಸೇದಬಾರದು" ಅನ್ನುವ ಬೋರ್ಡು ಹಾಕು ಅಂದರು. ನನ್ನ ಅಂಗಡಿಯೇ ನಾಲ್ಕಡಿ. ಬೋರ್ಡು ಹಾಕಿದ ಮೇಲೆ ಬಾಳೆಹಣ್ಣಿನ ಗೊನೆ ಕಟ್ಟಲು ಜಾಗ ಇಲ್ಲ. ದೂರು ಬಂದ ಮೇಲೂ ಸುಮ್ಮನಿದ್ದರೆ ಎಷ್ಟು ಜನ ಸೇದಿದರೋ ಅಷ್ಟು ದಂಡ ಮಾಲೀಕನ ತಲೆಗೆ. ಈಗ "ಬೆಂಕಿ ಐತಾ?" ಅಂತ ಕೇಳಿದವರಿಗೆ ಕಡ್ಡಿಪೆಟ್ಟಿಗೆ ಮಾರುತ್ತೇನೆ. ಅದರ ವ್ಯಾಪಾರ ಮಾತ್ರ ಜಾಸ್ತಿಯಾಗಿದೆ.

ಹುಣಸೂರು ಕಡೆಯ ರೈತ

ಇಷ್ಟು ಮಾತಾಡಿದಿರಿ, ಬೆಳೆಯುವವನ ಮಾತೂ ಒಂದಿರಲಿ. ನಮ್ಮಲ್ಲಿ ಹೊಗೆಸೊಪ್ಪು ಬೆಳೆಯಲು ತಂಬಾಕು ಮಂಡಳಿಯಲ್ಲಿ ನೋಂದಣಿ ಬೇಕು. ಸೊಪ್ಪು ಬೇಯಿಸುವ ಬ್ಯಾರನ್‌ಗೆ ಲೈಸೆನ್ಸು. ಹರಾಜು ಕಟ್ಟೆಯೂ ಮಂಡಳಿಯದೇ. ಬೆಳೆಸಲು ಒಂದು ಸರ್ಕಾರಿ ಬೋರ್ಡು, ಸೇದಬೇಡಿ ಅನ್ನಲು ಇನ್ನೊಂದು ಬೋರ್ಡು! ಹಸಿ ಎಲೆ ಮುರಿದ ದಿನ ಅಂಟು ಕೈಗೆ ಹತ್ತಿ ತಲೆ ಸುತ್ತಿ ವಾಂತಿಯಾಗುತ್ತದೆ, ಗೊತ್ತಾ? ಬೆಳಗಿನ ಇಬ್ಬನಿಯಲ್ಲಿ ಮುರಿದರೆ ಇನ್ನೂ ಜಾಸ್ತಿ. ನಾನು ಒಂದೂ ಸೇದುವುದಿಲ್ಲ. ನೋಡಿದ್ದೇನಲ್ಲ.

ಟೋಕಿಯೋದಲ್ಲಿರುವ ಕನ್ನಡಿಗ

ಇಲ್ಲಿ ಕಥೆ ಉಲ್ಟಾ. ಚಿಯೋದಾ ವಾರ್ಡಿನಲ್ಲಿ 2002ರಲ್ಲೇ ರಸ್ತೆಯಲ್ಲಿ ಸೇದುವುದಕ್ಕೆ ದಂಡ ಹಾಕಿದರು, 2000 ಯೆನ್. ಹೋಟೆಲ್ ಒಳಗೆ ಮಾತ್ರ ಆರಾಮಾಗಿ ಸೇದಬಹುದಿತ್ತು. ಒಳಗಿನ ನಿಷೇಧ ದೇಶಕ್ಕೆಲ್ಲ ಬಂದದ್ದು 2020ರ ಏಪ್ರಿಲ್‌ನಲ್ಲಿ. ಆದರೆ ಸೇದಲು ಅಂತ ಗೋಡೆ ಕಟ್ಟಿದ ಜಾಗಗಳನ್ನು ಅಲ್ಲಲ್ಲಿ ಮಾಡಿದ್ದಾರೆ, ಮ್ಯಾಪಿನಲ್ಲಿ ಹುಡುಕಿಕೊಂಡು ಹೋಗುತ್ತೇವೆ. ಅಣ್ಣನ ತಗಡಿನ ಡಬ್ಬಿಯಂಥದ್ದು ಇಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಜೇಬಿನ ಆಶ್‌ಟ್ರೇ ಅಂತ. ಜಾಗ ಕೊಟ್ಟರೆ ನಾವು ಹೋಗಿ ಅಲ್ಲೇ ನಿಲ್ಲುತ್ತೇವೆ, ಅಷ್ಟೇ.

ಹುಬ್ಬಳ್ಳಿ

ಪ್ರಯಾಣದ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ನೀವು ಊರಿಗೆ ವಂದೇ ಭಾರತ್‌ನಲ್ಲಿ ಹೋಗುವವರಾದರೆ ಟಾಯ್ಲೆಟ್ಟಿನ ಆಸೆ ಬಿಡಿ. ಹೊಗೆ ಹಿಡಿಯುವ ಸೆನ್ಸರ್ ಇದೆ. 2023ರ ಆಗಸ್ಟಿನಲ್ಲಿ ತಿರುಪತಿಯಿಂದ ಸಿಕಂದರಾಬಾದಿಗೆ ಹೋಗುವ ಗಾಡಿಯಲ್ಲಿ ಒಬ್ಬ ಟಿಕೆಟ್ಟೂ ಇಲ್ಲದೆ ಹತ್ತಿ, ಟಾಯ್ಲೆಟ್ಟಿನಲ್ಲಿ ಹಚ್ಚಿ, ಗಾಡಿಯನ್ನೇ ನಿಲ್ಲಿಸಿದ್ದ. ರೈಲ್ವೆ ಕಾಯ್ದೆಯ ದಂಡ ನೂರು ರೂಪಾಯಿ ಇರಬಹುದು, ಅಷ್ಟು ಜನರ ಬೈಗುಳಕ್ಕೆ ಲೆಕ್ಕ ಇಲ್ಲ. ಪ್ಲಾಟ್‌ಫಾರಂ ಮೇಲೂ ಸೇದುವಂತಿಲ್ಲ.

ನನ್ನ ಉಪಾಯ ಇಷ್ಟೇ. ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಬಿಡಲಿಕ್ಕೆ ಅಂತಲ್ಲ, ರೈಲಿಗೆ ಅಂತ ಇಟ್ಟುಕೊಳ್ಳಿ. ಬಬಲ್ ಗಮ್ ಹಾಗೆ ಜಗಿಯಬಾರದು, ಬಿಕ್ಕಳಿಕೆ ಬರುತ್ತದೆ. ನಿಧಾನವಾಗಿ ಜಗಿದು, ಖಾರ ಅನ್ನಿಸಿದ ಕೂಡಲೇ ಕೆನ್ನೆ ಒಳಗೆ ಒತ್ತಿಟ್ಟುಕೊಳ್ಳಿ. ಖಾರ ಇಳಿದರೆ ಮತ್ತೆ ಜಗಿಯಿರಿ. ಕಾಫಿ ಕುಡಿದು ಕಾಲು ಗಂಟೆಯಾದರೂ ಬಿಟ್ಟು ಹಾಕಿಕೊಳ್ಳಿ, ಇಲ್ಲದಿದ್ದರೆ ಗಮ್ ಕೆಲಸ ಮಾಡುವುದಿಲ್ಲ.

ಶಿವಮೊಗ್ಗ

ಪ್ಯಾಕೆಟ್ ಮೇಲೆ 1800-11-2356 ಅಂತ ನಂಬರ್ ಇರುತ್ತದೆ, ಬಿಡಲು ಸಹಾಯ ಮಾಡುವವರದ್ದು, ಉಚಿತ. ಕನ್ನಡದಲ್ಲೇ ಮಾತಾಡುತ್ತಾರೆ. ಸುಮ್ನೆ ಹೇಳಿದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಶಿವಮೊಗ್ಗದವರಿಗೆ ವಿಶೇಷ ಥ್ಯಾಂಕ್ಸ್, ನಮ್ಮವ್ವನ ನಂಬರ್ ಕೊಡಲಾ?

ಶನಿವಾರ ವಂದೇ ಭಾರತ್‌ನಲ್ಲಿ ಊರಿಗೆ ಹೋದೆ. ಗಮ್ ಹಾಕಿಕೊಂಡಿದ್ದೆ. ಹುಬ್ಬಳ್ಳಿಯವರು ಹೇಳಿದ್ದು ಮರೆತು ಮಧ್ಯೆ ಕಾಫಿ ಕುಡಿದೆ, ದಾವಣಗೆರೆಯಿಂದ ಮುಂದೆ ಕೈಕಾಲು ಚಡಪಡಿಸಿತು. ಧಾರವಾಡದಲ್ಲಿ ಇಳಿದು, ಸ್ಟೇಷನ್ ದಾಟಿ, ಟೀ ಅಂಗಡಿ ದಾಟಿ, ಆಟೋ ಸ್ಟ್ಯಾಂಡೂ ದಾಟಿ ಒಂದು ಕಾಂಪೌಂಡ್ ಗೋಡೆ ಹಿಡಿದೆ. ಗಾಳಿ ಯಾವ ಕಡೆ ಅಂತ ನೋಡಿದೆ. ಜನ ಇಲ್ಲ. ಹಚ್ಚಿದೆ. ಎರಡು ದಮ್ ಎಳೆದಿದ್ದೆ, ಹಿಂದಿನಿಂದ "ಬ್ಯಾಗ್ ಕೊಡು ಇಲ್ಲೆ" ಅಂತ ಅಪ್ಪನ ದನಿ. ಕರೆದುಕೊಂಡು ಹೋಗಲು ಸ್ಕೂಟರ್ ತಂದಿದ್ದರು.

ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಬರ್ನಾಲ್ ಹಚ್ಚಿಕೊಂಡು ಟೈಪ್ ಮಾಡುತ್ತಿದ್ದೇನೆ.