ಮಗುವಿಗಾಗಿ ಚಿಕಿತ್ಸೆ, ಸೇರುವಾಗ ನೋವು: ಪ್ರಶ್ನೋತ್ತರ

ಪ್ರಶ್ನೆ: ಬಂಜೆತನದ ಚಿಕಿತ್ಸೆ ಶುರುವಾದ ಮೇಲೆ ಆಸೆಯೇ ಇಲ್ಲ. ಯೋನಿ ಒಣಗಿ ಉರಿಯುತ್ತದೆ. ಗರ್ಭ ನಿಲ್ಲದಿರಲು ಇದೇ ಕಾರಣವಾ? ಜೆಲ್ ಹಚ್ಚಬಹುದಾ?

ಸ್ತ್ರೀರೋಗ ತಜ್ಞೆ: ಆಸೆ ಇಲ್ಲದ್ದೇ ಕಾರಣವಲ್ಲ. ಹೆಣ್ಣಿಗೆ ಪೂರ್ತಿ ಸುಖ ಸಿಗದಿದ್ದರೂ ಗರ್ಭ ನಿಲ್ಲುತ್ತದೆ. ಆದರೆ ಕೆಲವೊಮ್ಮೆ ಎರಡಕ್ಕೂ ಬೇರು ಒಂದೇ ಇರುತ್ತದೆ. ಎದೆಹಾಲು ತರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರಿದರೆ ಅಂಡ ಬಿಡುಗಡೆಯಾಗುವುದೂ ತಪ್ಪುತ್ತದೆ, ಆಸೆಯೂ ಇಳಿಯುತ್ತದೆ. ಥೈರಾಯ್ಡ್ ಏರುಪೇರೂ ಹಾಗೆಯೇ. ಮುಟ್ಟು ಹಿಂದೆಮುಂದೆ ಆಗುತ್ತಿದ್ದರೆ ಈ ಎರಡು ರಕ್ತಪರೀಕ್ಷೆ ಆಗಿದೆಯೇ ನೋಡಿಕೊಳ್ಳಿ.

ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಅಂಡ ಬಿಡುಗಡೆಗೆಂದು ಕೊಡುವ ಕ್ಲೋಮಿಫೀನ್, ಹೆಣ್ಣಿನ ಹಾರ್ಮೋನ್ ಈಸ್ಟ್ರೊಜೆನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ. ಕೆಲವರಲ್ಲಿ ಯೋನಿ ಒಣಗುತ್ತದೆ, ಗರ್ಭಕೊರಳಿನ ಲೋಳೆಯೂ ಕಡಿಮೆಯಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಹಲವರಿಗೆ ಅದೇ ಕೆಲಸದ ಇನ್ನೊಂದು ಮಾತ್ರೆ ಲೆಟ್ರೊಜೋಲ್‌ಗೆ ಬದಲಿಸಬಹುದು.

ಇನ್ನು ಜೆಲ್ ವಿಷಯ. ಜೆಲ್ ಬದಲು ಎಂಜಲು ಹಚ್ಚುವುದು ಬೇಡ. ಮಾಮೂಲಿ ಜೆಲ್‌ಗಳಲ್ಲಿ ಹಲವು ಪ್ರಯೋಗಾಲಯದಲ್ಲಿ ವೀರ್ಯಾಣುಗಳ ಓಟವನ್ನು ಕುಗ್ಗಿಸಿವೆ. ಗರ್ಭಧಾರಣೆಗೆ ಪ್ರಯತ್ನಿಸುವವರಿಗೆಂದೇ ತಯಾರಾದ, ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್ ಇರುವ ಜೆಲ್ ಆರಿಸಿ. ಉರಿಯ ಜೊತೆ ತುರಿಕೆ, ಮೊಸರಿನಂಥ ಸ್ರಾವ ಇದ್ದರೆ ಅದು ಫಂಗಸ್ ಇರಬಹುದು, ಮೊದಲು ತೋರಿಸಿ.

ಪ್ರಶ್ನೆ: ಅಂಡ ಬಿಡುಗಡೆಯ ದಿನ ತಿಳಿಸುವ ಕಿಟ್‌ನಲ್ಲಿ ಗೆರೆ ಬಂತೆಂದರೆ ಮನೆಯಲ್ಲಿ ಪರೀಕ್ಷೆಯ ವಾತಾವರಣ. ಇಬ್ಬರಿಗೂ ಸಾಕಾಗಿದೆ. ಆ ದಿನ ತಪ್ಪಿದರೆ ತಿಂಗಳೇ ಹೋಯಿತಾ?

ಸ್ತ್ರೀರೋಗ ತಜ್ಞೆ: ಖಂಡಿತ ಇಲ್ಲ. ಅಂಡ ಬದುಕುವುದು ಹೆಚ್ಚೆಂದರೆ 24 ಗಂಟೆ, ಆದರೆ ವೀರ್ಯಾಣು ಒಳ್ಳೆಯ ಲೋಳೆಯಲ್ಲಿ 5 ದಿನ ಕಾಯಬಲ್ಲದು. ಹಾಗಾಗಿ ಅಂಡ ಬಿಡುಗಡೆಯ ದಿನವೂ ಸೇರಿ ಅದರ ಹಿಂದಿನ 5 ದಿನ, ಒಟ್ಟು 6 ದಿನ ನಿಮ್ಮದೇ. ಅದರಲ್ಲಿ ದಿನ ಬಿಟ್ಟು ದಿನ ಸೇರಿದರೂ ಸಾಕು. ಕಿಟ್‌ನಿಂದಲೇ ಒತ್ತಡವಾಗುತ್ತಿದ್ದರೆ ಪೆಟ್ಟಿಗೆಯಲ್ಲಿಡಿ, ಆ ತಿಂಗಳ ಮುಟ್ಟು ಮುಗಿದ ಮೇಲೆ ವಾರಕ್ಕೆ ಎರಡು ಮೂರು ಸಲ ಸೇರಿ. ಆಮೇಲೆ ಕಾಲೆತ್ತಿ ಮಲಗಬೇಕಿಲ್ಲ. ಎದ್ದಾಗ ವೀರ್ಯ ಸೋರುವುದು ಸಹಜ, ಹೋಗಬೇಕಾದ ವೀರ್ಯಾಣುಗಳು ಕೆಲವೇ ನಿಮಿಷದಲ್ಲಿ ಲೋಳೆ ಹೊಕ್ಕಿರುತ್ತವೆ. ಗರ್ಭದ ಲೆಕ್ಕವಿಲ್ಲದ ದಿನಗಳಲ್ಲೂ ಹತ್ತಿರವಾಗಿ. ಬರೀ ‘ಆ ದಿನ’ಕ್ಕೆ ಕಟ್ಟಿಬಿದ್ದರೆ ದೇಹ ಹಾಸಿಗೆ ಕಂಡರೇ ಬಿಗಿಯುತ್ತದೆ.

ಪ್ರಶ್ನೆ: ಮದುವೆಯಾದಾಗಿನಿಂದ ಒಳಗೆ ಸೇರಲು ಆಗಿಯೇ ಇಲ್ಲ. ಹೇಳಲು ನಾಚಿಕೆ. ನೇರವಾಗಿ ಐಯುಐ (ವೀರ್ಯವನ್ನು ನಳಿಕೆಯಿಂದ ಗರ್ಭಕೋಶದೊಳಗೆ ಬಿಡುವ ಚಿಕಿತ್ಸೆ) ಮಾಡಿಸಿಬಿಡಲಾ?

ಪೆಲ್ವಿಕ್ ಫಿಸಿಯೋಥೆರಪಿಸ್ಟ್ (ಯೋನಿಯ ಸುತ್ತಲಿನ ಸ್ನಾಯುಗಳಿಗೆ ವ್ಯಾಯಾಮ ಚಿಕಿತ್ಸೆ ಕೊಡುವವರು): ನಾಚಿಕೆ ಬೇಡ. ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ. ನೋವಿನ ಭಯಕ್ಕೆ ಯೋನಿಯ ಸುತ್ತಲಿನ ಸ್ನಾಯು ತಾನಾಗಿಯೇ ಬಿಗಿಯುವ ಈ ತೊಂದರೆಗೆ ವ್ಯಾಜಿನಿಸ್ಮಸ್ ಅನ್ನುತ್ತೇವೆ. ಒಂದು ವರ್ಷ ಪ್ರಯತ್ನಿಸಿದ ಮೇಲೆ ವೈದ್ಯರ ಬಳಿ ಹೋಗಿ ಅನ್ನುವ ನಿಯಮ ಇದಕ್ಕೆ ಅನ್ವಯಿಸದು, ಈಗಲೇ ಹೋಗಿ. ಐಯುಐಗೂ ಯೋನಿಯನ್ನು ತೆರೆದು ಹಿಡಿಯುವ ಸ್ಪೆಕ್ಯುಲಂ ಎಂಬ ಸಾಧನ ಒಳಗೆ ಹಾಕಲೇಬೇಕು, ಆಗಲೂ ಇದೇ ಬಿಗಿತ ಅಡ್ಡ ಬರುತ್ತದೆ.

ತಪಾಸಣೆಯಾದ ಮೇಲೆ ಅಭ್ಯಾಸ ಹೀಗೆ: ಮಂಡಿ ಮಡಚಿ ಮಲಗಿ, ಹೊಟ್ಟೆಯಿಂದ ಉಸಿರಾಡಿ. ಉಸಿರು ಬಿಡುವಾಗ ಗಾಳಿ ಬಿಡುವಂತೆ ಕೆಳಗೆ ಸಡಿಲಿಸಿ, ಆಗಲೇ ಜೆಲ್ ಹಚ್ಚಿದ ಕಿರುಬೆರಳ ತುದಿಯಷ್ಟೇ ಒಳಗೆ. ಅಲ್ಲೇ ನಿಲ್ಲಿ, ಬಿಗಿತ ಇಳಿಯುವವರೆಗೆ. ಅದು ಸಲೀಸಾದ ಮೇಲೆ ಸಣ್ಣ ಡೈಲೇಟರ್ (ಯೋನಿಯನ್ನು ಒಗ್ಗಿಸಲು ಬೇರೆಬೇರೆ ಅಳತೆಯಲ್ಲಿ ಸಿಗುವ ನುಣುಪಾದ ಕಡ್ಡಿ), ದಿನಕ್ಕೆ 10-15 ನಿಮಿಷ. ಕೆಡುವುದು ಸಾಮಾನ್ಯವಾಗಿ ಆತುರದಿಂದ: ಅಳತೆ ಹಾರಿಸಿ ದೊಡ್ಡದಕ್ಕೆ ಹೋಗುತ್ತಾರೆ, ಉಸಿರು ಕಟ್ಟಿ ಹಲ್ಲು ಕಚ್ಚಿ ತಳ್ಳುತ್ತಾರೆ. ನೋವಾದಷ್ಟೂ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಹಿಂದಿನ ಅಳತೆಗೆ ಮರಳಿ.

ಸ್ತ್ರೀರೋಗ ತಜ್ಞೆ: ಮಗುವಿಗೆ ಅಷ್ಟು ದಿನ ಕಾಯಲಾಗದಿದ್ದರೆ, ಗಂಡನ ವೀರ್ಯ ಪರೀಕ್ಷೆ ಸರಿಯಿದ್ದು, ಕಿರುಬೆರಳಿನಷ್ಟಾದರೂ ಒಳಹೋಗುವಂತಿದ್ದರೆ, ಮನೆಯಲ್ಲೇ ಪ್ರಯತ್ನಿಸಬಹುದು. ಶುಚಿಯಾದ ಬಟ್ಟಲಲ್ಲಿ ಹಿಡಿದ ವೀರ್ಯ ಅರ್ಧ ಗಂಟೆಯೊಳಗೆ ನೀರಾಗುತ್ತದೆ. ಸೂಜಿಯಿಲ್ಲದ ಹೊಸ ಸಿರಿಂಜ್‌ನಿಂದ ಅದನ್ನು ಯೋನಿಯೊಳಗೆ ನಿಧಾನ ಬಿಡಿ, ಗರ್ಭಕೊರಳೊಳಗೆ ತೂರಿಸಬೇಡಿ. ಫಿಸಿಯೋಥೆರಪಿ ಮಾತ್ರ ನಿಲ್ಲಿಸಬೇಡಿ, ಹೆರಿಗೆಯ ಒಳತಪಾಸಣೆಗೂ ಅದು ಬೇಕು.

ಇನ್ನೊಂದು ಮಾತು. ನೋವು ಯೋನಿಯ ಬಾಯಲ್ಲಲ್ಲ, ಆಳದಲ್ಲಿ ಚುಚ್ಚಿದಂತಿದ್ದು ಮುಟ್ಟಿನಲ್ಲೂ ತೀವ್ರವಾಗಿದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ) ಅನುಮಾನಿಸಬೇಕು. ಇದು ಗರ್ಭಕ್ಕೂ ಅಡ್ಡಿಯಾಗಬಹುದು. ಸ್ಕ್ಯಾನ್ ನಾರ್ಮಲ್ ಬಂದರೂ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಸೇರುವಾಗ ಎಲ್ಲಿ, ಯಾವ ಭಂಗಿಯಲ್ಲಿ ನೋವು ಎಂದು ವೈದ್ಯರಿಗೆ ಬಿಡಿಸಿ ಹೇಳಿ.