ಮಡಿಕೇರಿ ಕಡೆಯ ಮನೆ: ಹಳೆಯ ಟೈಲ್ಸ್ ಒಡೆಯದೆ ಮೇಲೆಯೇ ಹೊಸದನ್ನು ಹಾಕಿಸಬಹುದೇ?

ಪ್ರಶ್ನೆ (ಮಡಿಕೇರಿ ಸಮೀಪದ ಗೃಹಿಣಿ)

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಬರೆ (ಗುಡ್ಡದ ಕಡಿದಾದ ಇಳಿಜಾರು) ಕಡಿದು ಮಟ್ಟ ಮಾಡಿದ ಜಾಗದಲ್ಲಿ ನಮ್ಮ ಮನೆಯಿದೆ. 18 ವರ್ಷಗಳ ಹಿಂದೆ ಹಾಕಿಸಿದ ಒಂದಡಿ ಚೌಕದ ಸೆರಾಮಿಕ್ ಟೈಲ್ಸ್ ಹೊಳಪು ಕಳೆದುಕೊಂಡಿವೆ; ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಲ್ಲುವ ಜಾಗವಂತೂ ಸವೆದು ಬಿಳಚಿಕೊಂಡಿದೆ. ಹುತ್ತರಿ ಹಬ್ಬಕ್ಕೆ ಮೊದಲು ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಹಾಕಿಸಬೇಕೆಂದಿದ್ದೇವೆ. ಒಬ್ಬ ಮೇಸ್ತ್ರಿ ಹಳೆಯದರ ಮೇಲೆಯೇ ಕೂರಿಸಬಹುದು ಎನ್ನುತ್ತಾರೆ, ಇನ್ನೊಬ್ಬರು ಪೂರ್ತಿ ಒಡೆಯದೆ ಕೆಲಸಕ್ಕೆ ಕೈ ಹಾಕುವುದಿಲ್ಲ ಎನ್ನುತ್ತಾರೆ. ಮನೆಯಲ್ಲಿ ವಯಸ್ಸಾದ ಅತ್ತೆಯವರಿಗೆ ಉಬ್ಬಸವಿರುವುದರಿಂದ ಒಡೆಯುವ ಧೂಳಿನ ಭಯ ನಮಗೆ ದೊಡ್ಡದು. ಯಾರ ಮಾತನ್ನು ನಂಬಲಿ?

ಉತ್ತರ 1 (ಕುಶಾಲನಗರದ ಮೇಸ್ತ್ರಿ)

ಅಕ್ಕ, ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಹಳೆಯ ಟೈಲ್ಸ್ ಕೆಳಗಿನ ಗಾರೆಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅದಕ್ಕಿಂತ ಒಳ್ಳೆಯ ತಳ ಬೇರೆ ಬೇಕಾಗಿಲ್ಲ. ಒಂದು ನಾಣ್ಯ ಅಥವಾ ಮರದ ಸುತ್ತಿಗೆ ಹಿಡಿದು ಪ್ರತಿ ಟೈಲಿನ ನಾಲ್ಕು ಮೂಲೆ ಮತ್ತು ನಡುವೆ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲಲ್ಲಿ ಒಂದೆರಡು ಇದ್ದರೆ ಅವನ್ನಷ್ಟೇ ಕಿತ್ತು ಗಾರೆ ತುಂಬಿಸಿ ಮಟ್ಟ ಮಾಡಬಹುದು. ಒಂದೇ ಕಡೆ ಗುಂಪಾಗಿ ಸಿಕ್ಕರೆ ಆ ಕೋಣೆಯನ್ನು ಒಡೆಯಲೇಬೇಕು.

ಮೇಲೆ ಹಾಕುವುದಾದರೆ ಮರಳು-ಸಿಮೆಂಟಿನ ಗಾರೆ ಬೇಡವೇ ಬೇಡ. ಹೊಳಪಿನ ಟೈಲ್ಸ್ ಸಿಮೆಂಟ್ ಹಾಲನ್ನು ಹೀರಿಕೊಳ್ಳುವುದಿಲ್ಲ, ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಶೇ. 0.5ಕ್ಕಿಂತ ಕಡಿಮೆ, ಹೀಗೆ ಎರಡೂ ಕಡೆ ಹಿಡಿತವಿಲ್ಲದೆ ನಡುವಿನ ಗಾರೆ ಬರಿದೇ ಒಣಗಿ ಕೂರುತ್ತದೆ. ಟೈಲ್ ಮೇಲೆ ಟೈಲ್ ಹಾಕಲು ಎಂದೇ ಚೀಲದ ಮೇಲೆ ಬರೆದಿರುವ, ಪಾಲಿಮರ್ ಸೇರಿದ ಅಡ್ಹೆಸಿವ್ (ಟೈಲ್ಸ್ ಅಂಟಿಸುವ ಪುಡಿ) ತರಿಸಿ. ಮೂರು ಮಿಲಿಮೀಟರ್ ದಪ್ಪಕ್ಕೆ 20 ಕೆ.ಜಿ. ಚೀಲ ಸುಮಾರು 50 ಚದರಡಿಗೆ ಬರುತ್ತದೆ. ಅದಕ್ಕೆ ಮೊದಲು ಹಳೆಯ ನೆಲದ ಎಣ್ಣೆಜಿಡ್ಡು ಮತ್ತು ಪಾಲಿಶ್ ತೆಗೆದು, ಗ್ರೈಂಡರಿನಿಂದ ಹೊಳಪನ್ನು ಗೀರಬೇಕು. ಧೂಳು ಇಲ್ಲಿಯೂ ಏಳುತ್ತದೆ, ಆದ್ದರಿಂದ ಆ ಒಂದು ದಿನವಾದರೂ ಅತ್ತೆಯವರನ್ನು ಬೇರೆ ಮನೆಯಲ್ಲಿ ಇರಿಸಿ. ಅಡ್ಹೆಸಿವ್ ಅನ್ನು ಹಲ್ಲಿನ ಕರಣೆಯಲ್ಲಿ ನೆಲಕ್ಕೆ ಎಳೆದ ಮೇಲೆ ಟೈಲಿನ ಬೆನ್ನಿಗೂ ತೆಳುವಾಗಿ ಸವರಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತುವವರಿದ್ದರೆ ಅಲ್ಲಿಯೇ ನಿಲ್ಲಿಸಿ. ಗೋಡೆಯ ಬುಡದಲ್ಲಿ ಐದಾರು ಮಿಲಿಮೀಟರ್ ಸಂದು ಬಿಡಿಸಿ, ಗೋಡೆಯ ಬುಡಕ್ಕೆ ಹಾಕುವ ಪಟ್ಟಿ, ಅಂದರೆ ಸ್ಕರ್ಟಿಂಗ್, ಅದನ್ನು ಮುಚ್ಚುತ್ತದೆ.

ಉತ್ತರ 2 (ಸೋಮವಾರಪೇಟೆಯ ಕಾಫಿ ಬೆಳೆಗಾರ)

ಮೇಸ್ತ್ರಿಯವರು ಹೇಳಿದ್ದೆಲ್ಲ ಸರಿ, ಆದರೆ ನಮ್ಮ ಜಿಲ್ಲೆಯಲ್ಲಿ ಅಡ್ಹೆಸಿವ್‌ಗಿಂತ ಮೊದಲು ಕೇಳಬೇಕಾದ್ದು ಕೆಳಗಿನಿಂದ ಬರುವ ನೀರಿನ ಮಾತು. ನಮ್ಮ ಮನೆಯ ಹಿಂದಿನ ಕೋಣೆ ಬರೆಗೆ ತಾಗಿಕೊಂಡಿದೆ. ಬೇಸಿಗೆಯಲ್ಲಿ ನೆಲ ಒಣಗಿದ್ದಾಗ ಎಲ್ಲವನ್ನೂ ಕ್ರಮವಾಗಿಯೇ ಮಾಡಿ ಮೇಲೆ ಟೈಲ್ಸ್ ಹಾಕಿಸಿದೆ. ಎರಡನೆಯ ಮಳೆಗಾಲದ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಸಂದುಗಳಿಂದ ಉಪ್ಪಿನಂತಹ ಬಿಳಿ ಪುಡಿ ಏಳಲಾರಂಭಿಸಿತು, ಕೆಲವೇ ದಿನಗಳಲ್ಲಿ ಮಂಚದ ಬುಡದ ಮೂರು ಟೈಲ್ಸ್ ಕಾಲಿಟ್ಟರೆ ಅಲುಗಾಡುವಂತಾದವು. ಕಿತ್ತು ನೋಡಿದರೆ ಅಡ್ಹೆಸಿವ್ ಹಿಡಿದೇ ಇತ್ತು. ಬಿಟ್ಟುಕೊಂಡದ್ದು ಹಳೆಯ ಟೈಲ್ಸು, ಅದರ ಕೆಳಗಿನ ಮರಳು ಹಿಂಡಿದರೆ ನೀರು ಸುರಿಯುವಷ್ಟು ಒದ್ದೆಯಾಗಿತ್ತು. ಅಷ್ಟು ವರ್ಷ ಹಳೆಯ ಸಂದುಗಳ ಮೂಲಕ ಆರಿ ಹೋಗುತ್ತಿದ್ದ ಪಸೆಗೆ ನಾನೇ ಮುಚ್ಚಳ ಹಾಕಿದ್ದೆ.

ಆದ್ದರಿಂದ, ಮಳೆ ಬಿಟ್ಟರೂ ಮಣ್ಣು ಇನ್ನೂ ಒದ್ದೆಯಿರುವ ಈಗಲೇ ಪರೀಕ್ಷೆ ಮಾಡಿ. ಎರಡಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹಲವು ಸಂದುಗಳು ಒಳಗೆ ಬರುವಂತೆ ನೆಲಕ್ಕೆ ಹರಡಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದರೆ, ಸಂದುಗಳು ಕಪ್ಪಾದರೆ, ಆ ಕೋಣೆಯಲ್ಲಿ ಮೇಲೆ ಹಾಕಿಸಬೇಡಿ.

ಉತ್ತರ 3 (ವಿರಾಜಪೇಟೆಯ ಸಿವಿಲ್ ಇಂಜಿನಿಯರ್)

ಭಾರದ ಬಗ್ಗೆ ಯಾರಾದರೂ ಹೆದರಿಸಿದರೆ ಹೆದರಬೇಡಿ. ಹತ್ತು ಮಿಲಿಮೀಟರ್ ಟೈಲ್ಸ್ ಮತ್ತು ಅಡ್ಹೆಸಿವ್ ಸೇರಿ ಚದರ ಮೀಟರಿಗೆ ಸುಮಾರು 30 ಕೆ.ಜಿ. ಆಗುತ್ತದೆ, ನೆಲಮಹಡಿಯಲ್ಲಿ ಅದು ಲೆಕ್ಕಕ್ಕೇ ಬಾರದು, ಮೇಲ್ಮಹಡಿಯಲ್ಲಿಯೂ ಸರಿಯಾಗಿ ಕಟ್ಟಿದ ಸ್ಲ್ಯಾಬಿಗೆ ಹೊರೆಯಲ್ಲ. ನಿಜವಾದ ತೊಂದರೆ ಎತ್ತರದ್ದು. ನೆಲ ಅರ್ಧ ಅಂಗುಲ ಏರುತ್ತದೆ. ಬಾಗಿಲುಗಳ ಬುಡ ಕೊಯ್ಯಬೇಕು, ಕೊಯ್ದ ಅಂಚಿಗೆ ಅಂದೇ ವಾರ್ನಿಷ್ ಹಚ್ಚಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಮರ ಪಸೆ ಕುಡಿದು ಉಬ್ಬಿ ಮತ್ತೆ ಉಜ್ಜುತ್ತದೆ. ಮೆಟ್ಟಿಲಿನ ಮೊದಲ ಹಂತ ಉಳಿದವುಗಳಿಗಿಂತ ಗಿಡ್ಡವಾಗುತ್ತದೆ. ವಯಸ್ಸಾದವರು ಎಡವುವುದು ಇಂತಹ ಕಡೆಯೇ. ಬಚ್ಚಲಿನಲ್ಲಿ ಮಾತ್ರ ಈ ಉಪಾಯ ಬೇಡ, ಅಲ್ಲಿ ನೀರಿನ ವಾಟ ಕೆಡುತ್ತದೆ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಧನ್ಯವಾದ. ನಿನ್ನೆ ಮಗನೊಂದಿಗೆ ಕುಳಿತು ಐದು ರೂಪಾಯಿ ನಾಣ್ಯದಿಂದ ಇಡೀ ಮನೆಯನ್ನು ತಟ್ಟಿದೆವು. ಹಾಲ್, ಅಡುಗೆಮನೆ ಮತ್ತು ಮುಂದಿನ ಕೋಣೆಯಲ್ಲಿ ಒಟ್ಟು ನಾಲ್ಕು ಮಾತ್ರ ಪೊಳ್ಳು ಸಿಕ್ಕವು. ಬರೆಯ ಬದಿಯ ಕೋಣೆಯಲ್ಲಿ ಎಣಿಸುವುದನ್ನೇ 20ಕ್ಕೆ ನಿಲ್ಲಿಸಿದೆವು. ಅಲ್ಲಿ ಅಂಟಿಸಿದ ಪ್ಲಾಸ್ಟಿಕ್ ಇಂದು ಬೆಳಿಗ್ಗೆಯೇ ಮಂಜು ಹಿಡಿದ ಕನ್ನಡಿಯಂತಾಗಿದೆ. ಆ ಕೋಣೆಯೊಂದನ್ನು ಒಡೆಸಿ, ಉಳಿದ ಕಡೆ ಮೇಲೆ ಹಾಕಿಸಬಹುದೇ?

ಉತ್ತರ (ಕುಶಾಲನಗರದ ಮೇಸ್ತ್ರಿ)

ಹಾಗೆಯೇ ಮಾಡಿ ಅಕ್ಕ. ಆದರೆ ಆ ಕೋಣೆಗೆ ಕೈ ಹಾಕುವ ಮೊದಲು ಬರೆ ಮತ್ತು ಗೋಡೆಯ ನಡುವಿನ ಚರಂಡಿ ಒಳಗಿನ ನೆಲಕ್ಕಿಂತ ತಗ್ಗಿನಲ್ಲಿದೆಯೇ ಎಂದು ನೋಡಿಸಿ, ಮಣ್ಣು ತುಂಬಿಕೊಂಡಿದ್ದರೆ ತೆಗೆಸಿ. ಒಡೆದ ಮೇಲೆ ಹೊಸ ಕಾಂಕ್ರೀಟಿನ ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ಅಂಚುಗಳು ಒಂದರ ಮೇಲೊಂದು ಒಂದಡಿ ಬರುವಂತೆ ಹಾಸಿಸಿ. ಹೊಸ ಕಾಂಕ್ರೀಟು ಆರಲು ವಾರಗಳೇ ಬೇಕು, ಅದು ಹುತ್ತರಿಗೆ ಮುಗಿಯುವುದಿಲ್ಲ. ಒಡೆಯುವ ಕೋಣೆಯ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ ಧೂಳು ತಡೆಯಿರಿ, ಉಳಿದ ಕೋಣೆಗಳನ್ನು ಹಬ್ಬಕ್ಕೆ ಮೊದಲು ಮುಗಿಸಿಕೊಳ್ಳಿ.